ಗಾಡಿ ಹತ್ತಿದರೆ ಮಗುವಿಗೆ ವಾಂತಿಯೇ? ಮಾತ್ರೆಗಿಂತ ಮೊದಲು ಇವನ್ನು ಮಾಡಿ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಎಷ್ಟೋ ಮನೆಗಳಲ್ಲಿ ಕಾರು ಇಲ್ಲ, ಪಿಕಪ್ ಇದೆ. ವಾರವೆಲ್ಲ ಅದರಲ್ಲಿ ಎಳನೀರು, ತರಕಾರಿ, ಬೆಲ್ಲ, ರೇಷ್ಮೆಗೂಡು ಮಾರುಕಟ್ಟೆಗೆ ಹೋಗುತ್ತದೆ. ಭಾನುವಾರ ಅದೇ ಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಅಜ್ಜಿ ಮನೆಗೋ ದೇವಸ್ಥಾನಕ್ಕೋ ಹೊರಡುತ್ತಾರೆ. ಊರು ದಾಟುವಷ್ಟರಲ್ಲಿ "ಅವ್ವಾ, ಹೊಟ್ಟೆ ಒಂಥರಾ ಆಯ್ತದೆ" ಅಂತ ಶುರು. ಇನ್ನೆರಡು ತಿರುವಿಗೆ ವಾಂತಿ.

ಇಂಥ ಮಗುವಿಗೆ ಮನೆಯವರು ಮೊದಲು ಹುಡುಕುವುದು ಮಾತ್ರೆ. ಆದರೆ ಮೊದಲು ನೋಡಬೇಕಾದ್ದು ಮಗು ಎಲ್ಲಿ ಕೂತಿದೆ, ಕ್ಯಾಬಿನ್‌ನಲ್ಲಿ ಏನು ವಾಸನೆ ಇದೆ, ಸ್ಟೇರಿಂಗ್ ಹಿಡಿದವರು ಹೇಗೆ ಓಡಿಸುತ್ತಿದ್ದಾರೆ ಅನ್ನುವುದನ್ನು. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಇವು ಸರಿಯಾದರೆ ಬಹಳಷ್ಟು ಮಕ್ಕಳಿಗೆ ಮಾತ್ರೆ ಬೇಕಾಗುವುದೇ ಇಲ್ಲ.

ಯಾಕೆ ಹೀಗಾಗುತ್ತದೆ?

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ತಲೆ ಯಾವ ಕಡೆ ಅಲುಗಿದರೂ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಡ್ಯಾಶ್‌ಬೋರ್ಡ್‌ಗಿಂತ ತಗ್ಗಿನಲ್ಲಿ ಕೂತ ಮಗುವಿಗೆ ಕಾಣುವುದು ಕ್ಯಾಬಿನ್ ಮಾತ್ರ. ಕಿವಿ "ಓಡುತ್ತಿದ್ದೇವೆ" ಅನ್ನುತ್ತದೆ. ಕಣ್ಣು "ಇಲ್ಲ, ಸುಮ್ನೆ ಕೂತಿದ್ದೇವೆ" ಅನ್ನುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಅಂದರೆ ತೊಂದರೆ ಶುರುವಾಗುವುದು ಹೊಟ್ಟೆಯಲ್ಲಿ ಅಲ್ಲ.

2 ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ. 2ರಿಂದ 12 ವರ್ಷದವರಲ್ಲಿ ಜಾಸ್ತಿ. ಆಮೇಲೆ ಹೆಚ್ಚಿನವರಲ್ಲಿ ತಾನಾಗಿಯೇ ಕಡಿಮೆಯಾಗುತ್ತಾ ಬರುತ್ತದೆ. ಮನೆಯಲ್ಲಿ ಮೈಗ್ರೇನ್ ತಲೆನೋವು ಇರುವವರಿದ್ದರೆ ಮಕ್ಕಳಿಗೆ ಹೀಗಾಗುವ ಸಾಧ್ಯತೆ ಹೆಚ್ಚು. ಮಗು ಹಠ ಮಾಡುತ್ತಿಲ್ಲ, ನಾಟಕ ಆಡುತ್ತಿಲ್ಲ. "ನಿನ್ನಿಂದ ಎಲ್ಲರಿಗೂ ತೊಂದರೆ" ಅಂತ ಬೈದರೆ ಮುಂದಿನ ಸಲ ಗಾಡಿ ನೋಡಿದ ಕೂಡಲೇ ಭಯಕ್ಕೇ ವಾಕರಿಕೆ ಬರುತ್ತದೆ.

ಕೂರಿಸುವ ಜಾಗ

ಮುಂದಿನ ಗಾಜಿನಿಂದ ದೂರದ ರಸ್ತೆ ಕಾಣಬೇಕು. ಇಷ್ಟು ಸಿಕ್ಕರೆ ಅರ್ಧ ಕೆಲಸ ಆದಂತೆ. ಪಕ್ಕದ ಕಿಟಕಿಯಲ್ಲಿ ಸರಸರ ಓಡುವ ಮರಗಳನ್ನು ನೋಡುತ್ತಾ ಕೂತರೆ ತಲೆ ಇನ್ನಷ್ಟು ಸುತ್ತುತ್ತದೆ.

ಎತ್ತರ ಸಾಲದು ಅಂತ ದಿಂಬು, ಮಡಿಸಿದ ಗೋಣಿಚೀಲ ಹಾಕಿ ಕೂರಿಸುವುದು ಬೇಡ. ಬ್ರೇಕ್ ಒತ್ತಿದಾಗ ಅದು ಜಾರುತ್ತದೆ, ಮಗು ಬೆಲ್ಟಿನ ಕೆಳಗೆ ನುಸುಳಿಬಿಡುತ್ತದೆ. ಮಕ್ಕಳಿಗೆಂದೇ ಮಾಡಿದ ಬೂಸ್ಟರ್ ಸೀಟು ಸಿಗುತ್ತದೆ. ಸೊಂಟಕ್ಕೂ ಹೆಗಲಿಗೂ ಬರುವ ಬೆಲ್ಟ್ ಇರುವ ಜಾಗದಲ್ಲಿ ಮಾತ್ರ ಅದನ್ನು ಇಡಬೇಕು. ಇನ್ನೂ ಚಿಕ್ಕ ಮಕ್ಕಳಿಗೆ ಅವರ ತೂಕಕ್ಕೆ ತಕ್ಕ ಬೇರೆ ಸೀಟು ಬೇಕು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ ಅಂತ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೇ ಹೇಳುತ್ತದೆ. ತಪ್ಪಿದರೆ 1,000 ರೂಪಾಯಿ ದಂಡ. ತೊಡೆ ಮೇಲೆ ಕೂರಿಸಿಕೊಳ್ಳುವುದಂತೂ ಬೇಡವೇ ಬೇಡ. ಗುದ್ದಿದ ಗಳಿಗೆಯಲ್ಲಿ ಯಾವ ತಾಯಿಯ ಕೈಯೂ ಮಗುವನ್ನು ಹಿಡಿದಿಡಲಾರದು.

ಡಬಲ್ ಕ್ಯಾಬಿನ್ ಗಾಡಿಯಾದರೆ ಮಗುವಿನ ಜಾಗ ಹಿಂದಿನ ಸೀಟೇ. ಮುಂದೆ ಏರ್‌ಬ್ಯಾಗ್ ಇದ್ದರಂತೂ ಹಿಂದೆಯೇ ಕೂರಿಸಿ. ಎರಡು ಸೀಟುಗಳ ನಡುವಿನಿಂದ ರಸ್ತೆ ಕಾಣುವಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಕ್ಯಾಬಿನ್‌ನಲ್ಲಿ ಸೆಕೆ, ಹಿಂದೆ ಗಾಳಿ ಬರುತ್ತದೆ ಅಂತ ಮಗುವನ್ನು ಸಾಮಾನು ತುಂಬುವ ಕಡೆ ಕೂರಿಸುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಒಂದೇ ಒಂದು ಗುಂಡಿಗೆ ಮಗು ಹೊರಗೆ ಎಸೆದುಹೋಗುತ್ತದೆ. ಆರ್‌ಸಿಯಲ್ಲಿ ಎಷ್ಟು ಸೀಟು ಅಂತಿದೆಯೋ ಅಷ್ಟೇ ಜನ ಹತ್ತಬೇಕು. ಮನೆ ಮಂದಿಯೆಲ್ಲ ಹೊರಟಿದ್ದರೆ ಉಳಿದವರು ಬಸ್ಸಿಗೆ ಬರಲಿ. ಇಕ್ಕಟ್ಟು, ಬೆವರು, ಉಸಿರು ಕಟ್ಟುವ ಸೆಕೆ ಕೂಡ ವಾಂತಿಗೆ ದಾರಿಯೇ.

ವಾಸನೆ ತೆಗೆಯಿರಿ

ಹೊರಡುವ ಹಿಂದಿನ ದಿನ ಕ್ಯಾಬಿನ್ ಖಾಲಿ ಮಾಡಿ. ಸೀಟಿನ ಹಿಂದೆ ಸಿಕ್ಕಿಸಿದ ಡೀಸೆಲ್ ಕ್ಯಾನು, ಗ್ರೀಸ್ ಮೆತ್ತಿದ ಬಟ್ಟೆ, ಬೂಸಾ ಚೀಲ, ಹಳೇ ಗೋಣಿಚೀಲ ಎಲ್ಲ ಹೊರಗೆ. ಕಾಲಡಿಯ ಮ್ಯಾಟ್ ತೊಳೆದು ಬಿಸಿಲಿಗೆ ಹಾಕಿ. ಬಾಗಿಲು ತೆರೆದು ಗಾಳಿಯಾಡಲು ಬಿಡಿ. ರೇಷ್ಮೆಗೂಡು ಇಳಿಸಿ ಬಂದ ಗಾಡಿಯಾದರೆ ಹಿಂಭಾಗವನ್ನೂ ನೀರು ಹೊಡೆದು ತೊಳೆಯಿರಿ.

ಕೆಟ್ಟ ವಾಸನೆ ಮುಚ್ಚಲು ಡ್ಯಾಶ್‌ಬೋರ್ಡ್ ಮೇಲೆ ಸೆಂಟಿನ ಬಾಟಲಿ ಇಡುವುದು ಇನ್ನೂ ತಪ್ಪು. ಹೊರಡುವಾಗ ಹಚ್ಚಿದ ಊದುಬತ್ತಿ, ಬಿಸಿಲಿಗೆ ಬಾಡಿದ ಮಲ್ಲಿಗೆ ಹಾರ ಕೂಡ ಈ ಮಕ್ಕಳಿಗೆ ಆಗಿ ಬರುವುದಿಲ್ಲ. ಪೂಜೆ ಮಾಡಿ, ಊದುಬತ್ತಿ ಹೊರಗೆ ಸಿಕ್ಕಿಸಿ. ಬೀಡಿ, ಸಿಗರೇಟು ಗಾಡಿಯೊಳಗೆ ಬೇಡ.

ಟಾಟಾ ಏಸ್‌ನಂಥ ಸಣ್ಣ ಗಾಡಿಗಳಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೇ. ಬಿಸಿಯೂ ಡೀಸೆಲ್ ವಾಸನೆಯೂ ನೇರ ಮೇಲೆ ಬರುತ್ತವೆ. ಎಂಜಿನ್ ಮುಚ್ಚಳದ ರಬ್ಬರ್ ಹರಿದಿದ್ದರೆ ಬದಲಿಸಿ. ಗಾಡಿಯಲ್ಲಿ ಕೂತ ದೊಡ್ಡವರಿಗೂ ತಲೆನೋವು, ಮಂಕು ಬರುತ್ತಿದ್ದರೆ ಮಾತ್ರ ಅದನ್ನು ಬರೀ ಪ್ರಯಾಣದ ವಾಂತಿ ಅಂದುಕೊಳ್ಳಬೇಡಿ. ಸೈಲೆನ್ಸರ್ ಸೋರಿ ಹೊಗೆ ಒಳಗೆ ಬರುತ್ತಿರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಪ್ರಾಣಕ್ಕೇ ಅಪಾಯ. ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ಮಗುವನ್ನು ಕೂರಿಸಿ.

ಹೊಟ್ಟೆಗೆ ಏನು?

ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಹೊರಡಲು ಒಂದೆರಡು ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣು, ಒಣ ಚಪಾತಿ ಸಾಕು. ಪೂರಿ, ಮಸಾಲೆ ದೋಸೆ, ದೊಡ್ಡ ಲೋಟದ ಹಾಲು ಬೇಡ. ದಾರಿಗೆ ಒಂದು ಡಬ್ಬಿ ಕಡಲೆಪುರಿ, ಹುರಿಗಡಲೆ ಇರಲಿ. ಮದ್ದೂರಿನಲ್ಲಿ ನಿಲ್ಲಿಸಿದರೆ ವಡೆ ದೊಡ್ಡವರಿಗೆ. ಮೇಲುಕೋಟೆಗೆ ಹೋದರೆ ಪುಳಿಯೋಗರೆಯನ್ನು ಮಗುವಿಗೆ ಬೆಟ್ಟ ಇಳಿದ ಮೇಲೆ ಕೊಡಿ.

ಬೆಳಗ್ಗೆ ಚೆನ್ನಾಗಿಯೇ ಹೋದ ಮಗು ಸಂಜೆ ಬರುವಾಗ ವಾಂತಿ ಮಾಡಿಕೊಳ್ಳುವುದು ಯಾಕೆ ಅಂತ ಎಷ್ಟೋ ಜನ ಕೇಳುತ್ತಾರೆ. ನೆಂಟರ ಮನೆಯ ಬಾಡೂಟ ನೆನಪಿಸಿಕೊಳ್ಳಿ. "ಇನ್ನೊಂದು ತುಂಡು ತಿನ್ನು ಮಗ" ಅಂತ ಬಡಿಸಿ, ಕೈ ತೊಳೆದ ಕೂಡಲೇ ಗಾಡಿ ಹತ್ತಿಸುತ್ತಾರೆ. ಊಟವಾಗಿ ಕನಿಷ್ಠ ಒಂದು ಗಂಟೆ ಮಗು ಅಂಗಳದಲ್ಲಿ ಓಡಾಡಲಿ. ಆಮೇಲೆ ಹೊರಡಿ.

ಶುಂಠಿಯಿಂದ ಕೆಲವರಿಗೆ ಅನುಕೂಲ ಆಗುವುದುಂಟು. ಮಗು ಖಾರ ತಡೆಯುವುದಾದರೆ ಬೆಲ್ಲದ ಜೊತೆ ಚೂರು ಕೊಡಬಹುದು. ನಿಂಬೆಹಣ್ಣು ಮೂಸಿಸುವುದು ನಮ್ಮ ಅಜ್ಜಿಯರ ಕಾಲದ್ದು. ಅದರಿಂದ ತೊಂದರೆ ಏನಿಲ್ಲ, ಡೀಸೆಲ್ ವಾಸನೆ ಮರೆಯಾಗುತ್ತದಲ್ಲ, ಅಷ್ಟು ಸಾಕು.

ಓಡಿಸುವವರಿಗೆ

ಇದನ್ನು ಅಪ್ಪಂದಿರು ಗಮನವಿಟ್ಟು ಓದಬೇಕು. ಡ್ರೈವರ್‌ಗೆ ವಾಂತಿ ಬರುವುದು ಬಹಳ ಅಪರೂಪ. ಯಾಕೆಂದರೆ ಗಾಡಿ ಯಾವಾಗ ತಿರುಗುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದು ಅವರಿಗೆ ಮೊದಲೇ ಗೊತ್ತು. ಮಗುವಿಗೆ ಅದು ಗೊತ್ತಿಲ್ಲ. ಹಾಗಾಗಿ ಹೇಳಿ. "ಈಗ ಎಡಕ್ಕೆ", "ಮುಂದೆ ಹಂಪ್ಸ್ ಇದೆ ಪುಟ್ಟ" ಅನ್ನಿ. ಸ್ವಲ್ಪ ದೊಡ್ಡ ಮಗುವಾದರೆ ಅದಕ್ಕೇ ಒಪ್ಪಿಸಿ: "ಮುಂದಿನ ತಿರುವು ಯಾವ ಕಡೆ? ನೀನೇ ಹೇಳು." ಕಣ್ಣು ರಸ್ತೆ ಮೇಲೇ ಇರುತ್ತದೆ, ಮೈಯೂ ತಿರುವಿಗೆ ಸಿದ್ಧವಾಗುತ್ತದೆ.

ಗುಂಡಿಯ ಗಡಗಡ ಕುಲುಕಾಟಕ್ಕಿಂತ ನಿಧಾನದ ಓಲಾಟ ಹೊಟ್ಟೆಯನ್ನು ಜಾಸ್ತಿ ಕೆಡಿಸುತ್ತದೆ. ಸುಮಾರು 5 ಸೆಕೆಂಡಿಗೊಮ್ಮೆ ತೂಗುವಂಥ ಓಲಾಟ ಅತಿ ಕೆಟ್ಟದ್ದು. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಆಗುವುದು ಇದೇ ಅಲ್ವಾ? ಮುಂದೆ ಕಬ್ಬಿನ ಟ್ರ್ಯಾಕ್ಟರ್. ಅದರ ಹಿಂದೆ ಅಂಟಿಕೊಂಡು ಹೋಗುವುದು, ಆಕ್ಸಿಲರೇಟರ್ ಒತ್ತಿ ಬಲಕ್ಕೆ ಇಣುಕುವುದು, ಎದುರು ಬಸ್ಸು ಕಂಡು ಬ್ರೇಕ್ ಹಾಕಿ ಮತ್ತೆ ಎಡಕ್ಕೆ. ಹತ್ತು ನಿಮಿಷ ಹೀಗೆ ಮಾಡಿದರೆ ಯಾವ ಮಗುವಿನ ಹೊಟ್ಟೆಯೂ ತಡೆಯದು. ಟ್ರ್ಯಾಕ್ಟರ್‌ನಿಂದ ಹಿಂದೆ ಉಳಿಯಿರಿ. ದೂರದವರೆಗೆ ರಸ್ತೆ ಖಾಲಿ ಕಂಡಾಗ ಒಂದೇ ಸಲ ದಾಟಿ.

ಹಂಪ್ಸ್ ದೂರದಲ್ಲಿ ಕಂಡಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಇಳಿಯಿರಿ. ಅಭ್ಯಾಸಕ್ಕೆ ಒಂದು ಉಪಾಯ ಇದೆ. ಅರ್ಧ ನೀರಿರುವ ಬಾಟಲಿಯನ್ನು ಬಾಗಿಲ ಪಕ್ಕದ ಪಾಕೆಟ್‌ನಲ್ಲಿ ಸಿಕ್ಕಿಸಿ, ಪಕ್ಕದಲ್ಲಿ ಕೂತವರು ನೋಡುತ್ತಿರಲಿ. ಬ್ರೇಕ್ ಹಾಕಿದಾಗ ನೀರು ಮೆಲ್ಲಗೆ ಓರೆಯಾಗಿ ಮೆಲ್ಲಗೆ ಸಮವಾದರೆ ಸರಿ. ಎಗರಿ ಮುಚ್ಚಳಕ್ಕೆ ಬಡಿದರೆ ಮಗುವಿನ ಹೊಟ್ಟೆಗೂ ಅದೇ ಗತಿ. ಖಾಲಿ ಪಿಕಪ್ ಜಾಸ್ತಿ ಕುಪ್ಪಳಿಸುತ್ತದೆ ಅನ್ನುವುದು ಓಡಿಸುವವರಿಗೆ ಗೊತ್ತೇ ಇದೆ. ಲೋಡ್ ಹಾಕಿ ಓಡಿಸಿ ಅಭ್ಯಾಸವಾದ ಕಾಲು ಭಾನುವಾರ ಇನ್ನಷ್ಟು ಹಗುರಾಗಬೇಕು.

ದಾರಿಯಲ್ಲಿ

ಮೊಬೈಲ್ ಕೈಗೆ ಕೊಡಬೇಡಿ. ಅಳದೆ ಕೂರಲಿ ಅಂತ ಕೊಟ್ಟ ಮೊಬೈಲೇ ವಾಂತಿಗೆ ಮೊದಲ ಕಾರಣ ಆಗುತ್ತದೆ. ಪುಸ್ತಕ, ಬಣ್ಣ ಹಚ್ಚುವುದೂ ಅಷ್ಟೇ. ಬದಲಿಗೆ ಒಗಟು ಹೇಳಿ, ಹಾಡು ಹೇಳಿಸಿ, ದೂರದ ಎತ್ತಿನಗಾಡಿ ಎಣಿಸಲು ಹೇಳಿ. ತಲೆ ಸೀಟಿಗೆ ಒರಗಿರಲಿ. ಕಿಟಕಿ ಸ್ವಲ್ಪ ತೆರೆದಿರಲಿ. ನಿದ್ದೆ ಬಂದರೆ ಎಬ್ಬಿಸಬೇಡಿ.

ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಲೆಕ್ಕ ಹಾಕಿ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ತಿರುವು ಕಡಿಮೆ, ಈ ಮಕ್ಕಳಿಗೆ ಒಳ್ಳೆಯದೇ. ಆದರೆ ಅಲ್ಲಿ ಬೇಕಾದ ಕಡೆ ಬದಿಗೆ ಹಾಕಿ ನಿಲ್ಲಿಸುವುದು ಅಪಾಯ. ಸರ್ವಿಸ್ ರಸ್ತೆಗೆ ಇಳಿದು ನಿಲ್ಲಿಸಿ. ಊಟಿಗೆ ಹೋಗುವವರು ಗುಂಡ್ಲುಪೇಟೆಯಲ್ಲಿ ಒಮ್ಮೆ ಇಳಿದು ಓಡಾಡಲೇಬೇಕು. ಬಂಡೀಪುರ ಕಾಡಿನೊಳಗೆ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಅಲ್ಲಿಂದ ಮಸಿನಗುಡಿ ಮೇಲೆ ಹೋದರೆ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ವಾಂತಿಯಾಗುವ ಮಗು ಜೊತೆಗಿದ್ದರೆ ಗೂಡಲೂರು ದಾರಿಯೇ ವಾಸಿ, ಸುತ್ತಾದರೂ ಏರು ಕಡಿಮೆ. ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಡಲು ಹೊರಟವರು ಹನೂರು ದಾಟಿ ತಾಳಬೆಟ್ಟದಲ್ಲಿ ಇಳಿಯಿರಿ. ಘಾಟಿ ಹತ್ತುವ ಮುಂಚೆ ಮಗು ಹತ್ತು ನಿಮಿಷ ನೆಲದ ಮೇಲೆ ನಡೆಯಲಿ.

ದೂರದ ಪ್ರಯಾಣಕ್ಕೆ ಮುಂಚೆ ಸಣ್ಣ ಓಡಾಟ ಮಾಡಿಸಿದರೆ ಮೈ ಒಗ್ಗುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟವೇ ಇದೆ. ಒಂದು ದಿನ ಅರ್ಧ ದಾರಿ ಹೋಗಿ ಬನ್ನಿ, ಇನ್ನೊಂದು ದಿನ ಮೇಲಿನವರೆಗೆ.

ಮುಖ ನೋಡುತ್ತಿರಿ

ಚಿಕ್ಕ ಮಕ್ಕಳು "ವಾಂತಿ ಬರುತ್ತದೆ" ಅಂತ ಹೇಳುವುದಿಲ್ಲ. ವಟವಟ ಮಾತಾಡುತ್ತಿದ್ದ ಮಗು ಥಟ್ಟನೆ ಸುಮ್ಮನಾಗುತ್ತದೆ. ಮೇಲಿಂದ ಮೇಲೆ ಆಕಳಿಸುತ್ತದೆ. ತುಟಿ ಬಿಳಿಚಿಕೊಳ್ಳುತ್ತದೆ. ಮೇಲ್ದುಟಿಯ ಮೇಲೆ ಸಣ್ಣಗೆ ಬೆವರು ಕೂರುತ್ತದೆ. ಬಾಯಲ್ಲಿ ನೀರೂರಿ ಗುಟುಕು ಗುಟುಕಾಗಿ ನುಂಗುತ್ತದೆ. ನುಂಗಲು ಶುರುಮಾಡಿತು ಅಂದರೆ ನಿಮಗೆ ಹೆಚ್ಚು ಸಮಯ ಇಲ್ಲ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ರಸ್ತೆ ಇಲ್ಲದ ಎಡಬದಿಗೆ ಇಳಿಸಿ, ಹಣೆಗೆ ತಣ್ಣೀರು ಬಟ್ಟೆ ಇಡಿ.

ನಿಲ್ಲಿಸಲು ಆಗದ ಕಡೆಗೆ ಅಗಲ ಬಾಯಿಯ, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ಕಾಲ ಬಳಿ ಇರಲಿ. ಅಂಗಡಿ ಕವರ್ ಆದರೆ ತಳದಲ್ಲಿ ತೂತಿದೆಯೇ ಅಂತ ಮನೆಯಲ್ಲೇ ನೀರು ಹಾಕಿ ನೋಡಿ. ಟವೆಲ್, ಒಂದು ಜೊತೆ ಬಟ್ಟೆ, ಕುಡಿಯುವ ನೀರು ಕೈಗೆಟುಕುವಂತಿರಲಿ.

ವಾಂತಿ ಆದ ಮೇಲೆ ಬಾಯಿ ಮುಕ್ಕಳಿಸಿ. ಹತ್ತು ಹದಿನೈದು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ನೀರು ಅಥವಾ ಓಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಹೆಚ್ಚುಕಡಿಮೆ ಮಾಡಬೇಡಿ. ಸೀಟಿಗೆ ಆಗಿದ್ದರೆ ಒರೆಸಿ ಅಡುಗೆ ಸೋಡಾ ಉದುರಿಸಿ. ಒಣಗಿದ ಮೇಲೆ ಕೊಡವಿದರೆ ಮುಂದಿನ ವಾರಕ್ಕೆ ವಾಸನೆ ಉಳಿಯುವುದಿಲ್ಲ.

ಮಾತ್ರೆ, ಡಾಕ್ಟರು

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ. ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್‌ನಂಥ ಔಷಧಿಗಳಿವೆ. ಹೊರಡಲು ಅರ್ಧದಿಂದ ಒಂದು ಗಂಟೆ ಮುಂಚೆ ಕೊಟ್ಟರೆ ಮಾತ್ರ ಕೆಲಸ ಮಾಡುತ್ತವೆ. ವಾಕರಿಕೆ ಶುರುವಾದ ಮೇಲೆ ಕೊಟ್ಟು ಪ್ರಯೋಜನ ಕಡಿಮೆ. ನಿದ್ದೆ ತರುತ್ತವೆ, ಕೆಲವು ಮಕ್ಕಳಿಗೆ ಉಲ್ಟಾ ರಂಪ ಹಿಡಿಸುತ್ತವೆ. 2 ವರ್ಷದೊಳಗಿನ ಮಗುವಿಗೆ ಪ್ರೊಮೆಥಜೀನ್ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆ ಆಗಬಹುದು. ಮೆಡಿಕಲ್ ಸ್ಟೋರಿನಲ್ಲಿ "ವಾಂತಿ ಸಿರಪ್ ಕೊಡಿ" ಅಂದರೆ ಆನ್‌ಡ್ಯಾನ್‌ಸೆಟ್ರಾನ್ ಸಿಗಬಹುದು. ಅದು ಬೇರೆ ಥರದ ವಾಂತಿಗೆ ಒಳ್ಳೆಯ ಔಷಧಿ, ಪ್ರಯಾಣದ ವಾಂತಿ ತಡೆಯಲು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧ ಕೊಡುವುದಂತೂ ಬೇಡ.

ಗಾಡಿ ಇಳಿದು ಗಂಟೆಗಳಾದರೂ ವಾಂತಿ ನಿಲ್ಲದಿದ್ದರೆ, ಗಾಡಿ ಹತ್ತದ ದಿನವೂ ತಲೆಸುತ್ತು ಇದ್ದರೆ, ಬೆಳಗ್ಗೆ ಏಳುವಾಗಲೇ ತಲೆನೋವು-ವಾಂತಿ ಬರುತ್ತಿದ್ದರೆ, ಕಿವಿ ನೋವು ಅಥವಾ ಕಿವಿ ಸರಿಯಾಗಿ ಕೇಳಿಸದಿರುವುದು ಇದ್ದರೆ ಡಾಕ್ಟರ ಬಳಿ ಹೋಗಿ. ವಾಂತಿಯಲ್ಲಿ ರಕ್ತ ಅಥವಾ ಹಸಿರು ಕಂಡರೆ, ಮಗು ಬಹಳ ಹೊತ್ತು ಉಚ್ಚೆ ಮಾಡದೆ ಮಂಕಾಗಿದ್ದರೆ ಕಾಯಬೇಡಿ, ಆಗಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಟ ಎಷ್ಟು ಹೊತ್ತಿಗೆ ವಾಂತಿ ಆಯಿತು, ಅದಕ್ಕೆ ಮುಂಚೆ ಏನು ತಿಂದಿತ್ತು, ಯಾವ ಸೀಟಿನಲ್ಲಿ ಕೂತಿತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೆ ಕಾರಣ ಹುಡುಕಲು ಸುಲಭ.