ಕಾಡಿಗೆ ಹೋದರೆ ಮೊದಲು ಕೂತ್ಕೊಳ್ಳಿ

ಕಾಡು ಸುತ್ತಿ ಬಂದವರು "ಏನೂ ಕಾಣಲೇ ಇಲ್ಲ" ಅಂತ ಗೊಣಗುವುದನ್ನು ಕೇಳಿ ಕೇಳಿ ಸಾಕಾಗಿದೆ. ಅಂಥವರ ಜೊತೆ ನಡೆದೂ ನೋಡಿದ್ದೇನೆ. ಹರಟೆ ಹೊಡೆಯುತ್ತಾ ಒಂದೇ ಸಮನೆ ನಡೆದರೆ ಯಾವ ಪ್ರಾಣಿ ನಿಲ್ಲುತ್ತೆ, ಹೇಳಿ?

1. ಬೆಳಕು ಹರಿಯುವ ಮೊದಲೇ ಕಾಡಿನಂಚಿಗೆ ಬನ್ನಿ. ನಡು ಮಧ್ಯಾಹ್ನ ಚಿಟ್ಟೆಗಳಿಗಷ್ಟೇ ಸರಿ.

2. ಮಾಸಲು ಬಣ್ಣದ ಹತ್ತಿ ಬಟ್ಟೆ ಹಾಕಿ. ಉಣ್ಣಿ ಹತ್ತದಂತೆ ಪ್ಯಾಂಟಿನ ತುದಿ ಸಾಕ್ಸ್ ಒಳಗಿರಲಿ. ಸೆಂಟ್ ಬೇಡ. ಕೈ ಆಡಿಸಿದರೆ ಸರಸರ ಎನ್ನುವ ಪ್ಲಾಸ್ಟಿಕ್ ಜಾಕೆಟ್ ಅಂತೂ ಬೇಡವೇ ಬೇಡ.

3. ಈಗ ಕೂರುವುದು. ಎಲ್ಲರೂ ಎಡವುವುದು ಇಲ್ಲೇ. ನೀರಿನ ಹತ್ತಿರ ಅಥವಾ ಹಣ್ಣು ಬಿಟ್ಟ ಮರದ ಎದುರು ಜಾಗ ನೋಡಿ. ಚಿಟಿಕೆ ಒಣಮಣ್ಣು ಉದುರಿಸಿ: ಅದು ನಿಮ್ಮ ಕಡೆಗೇ ಹಾರಿ ಬಂದರೆ ಜಾಗ ಒಳ್ಳೆಯದು. ಹಾಗೆ ಎದುರಿನಿಂದ ನಿಮ್ಮ ಹಿಂದಕ್ಕೆ ಬೀಸುವ ಗಾಳಿ ನಿಮ್ಮ ವಾಸನೆಯನ್ನು ಮುಂದಿನ ಪ್ರಾಣಿಗೆ ಕೊಡುವುದಿಲ್ಲ. ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತರೆ ನಿಮ್ಮ ಆಕಾರ ಅದರಲ್ಲೇ ಕರಗುತ್ತದೆ. ಜಿಪ್ ಎಳೆಯುವುದು, ಬಾಟಲಿ ತೆಗೆಯುವುದು, ಮೊಬೈಲ್ ಸದ್ದಡಗಿಸುವುದು ಎಲ್ಲ ಕೂರುವ ಮೊದಲೇ ಮುಗಿಯಲಿ.

ಆಮೇಲೆ 20 ನಿಮಿಷ ಅಲ್ಲಾಡಬೇಡಿ. ಮೊದಲು ಸೊಳ್ಳೆ ಬಿಟ್ಟು ಏನೂ ಬರುವುದಿಲ್ಲ. ಬೇಜಾರಾಗಿ ಜನ ಏಳುವುದು ಆಗಲೇ, ಏಳಬೇಡಿ. ಒಮ್ಮೆ ತರಗೆಲೆ ದಬದಬ ಸದ್ದಾಗಿ, ಹಂದಿಯೇ ಬಂತೆಂದು ಉಸಿರು ಬಿಗಿ ಹಿಡಿದಿದ್ದೆ. ನೋಡಿದರೆ ಗೇಣುದ್ದದ ಹಕ್ಕಿ, ಕೊಕ್ಕಿನಿಂದ ಎಲೆ ಎತ್ತೆತ್ತಿ ಎಸೆದು ಹುಳ ಹುಡುಕುತ್ತಿತ್ತು! ಅಳಿಲೊಂದು ಬಿಡದೆ ಕೂಗುತ್ತಿದ್ದರೆ ಅದು ನೋಡುತ್ತಿರುವ ಕಡೆ ನೀವೂ ನೋಡಿ. ಹಾವೋ ಗಿಡುಗವೋ ಇರಬಹುದು. ದೊಡ್ಡ ಪ್ರಾಣಿಗಳಿರುವ ಕಾಡಲ್ಲಿ ಮಾತ್ರ ಒಬ್ಬರೇ ಕೂರಬೇಡಿ, ದಾರಿ ಬಲ್ಲವರು ಜೊತೆಗಿರಲಿ.

4. ಬೈನಾಕ್ಯುಲರ್ 8x42 ಸಾಕು. ಅಂದರೆ 8 ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿ.ಮೀ. ಅಗ್ಗದ ಜೂಮ್ ಮಾದರಿಗೆ ದುಡ್ಡು ಸುರಿಯಬೇಡಿ. ಜೂಮ್ ಮಾಡಿದಷ್ಟೂ ಕತ್ತಲೆ, ಕೈ ನಡುಕ ಜಾಸ್ತಿ. ಹಕ್ಕಿ ಕಂಡಾಗ ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ಗಾಜು ಕಣ್ಣಿಗೆ ಬರಲಿ. ಕನ್ನಡಕ ಇದ್ದವರು ಕಣ್ಣಿನ ಬಳಿಯ ರಬ್ಬರ್ ಮಡಚಿಕೊಳ್ಳಿ.

ಮೊಬೈಲಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಅಡ್ಡದಾರಿ ನನಗೆ ಸುತರಾಂ ಇಷ್ಟವಿಲ್ಲ. ಪಾಪ, ಇಲ್ಲದ ಎದುರಾಳಿಯ ಜೊತೆ ಜಗಳಕ್ಕೆ ಗೂಡು ಬಿಟ್ಟು ಬರುತ್ತೆ ಅಲ್ವಾ?

5. ಇನ್ನು ನಡಿಗೆ: ಹತ್ತು ಹೆಜ್ಜೆ, ಒಂದು ನಿಲುಗಡೆ. ಕೊಳೆತ ದಿಮ್ಮಿ ಎತ್ತಿ ನೋಡಿದರೆ ಇದ್ದ ಮಗ್ಗುಲಿಗೇ ಮೆಲ್ಲಗೆ ಇಡಿ, ಅಡಿಯಲ್ಲಿ ಹುಳಗಳ ಸಂಸಾರವಿದೆ. ಮನೆಗೆ ಬಂದ ಕೂಡಲೇ ಶೂ ಅಡಿ ಕೆರೆದು ತೊಳೆಯಿರಿ. ಒಂದು ಕಡೆಯ ಕಳೆಬೀಜ ಇನ್ನೊಂದು ಕಾಡಿಗೆ ಹೋಗುವುದು ಆ ಮಣ್ಣಲ್ಲೇ.