ಅಡಿಕೆ ಹಾಳೆಯಲ್ಲಿ ರೆಕಾರ್ಡಿನ ಕವರ್: ನನ್ನ ಅನುಭವ

ಅಜ್ಜನ ಎಲ್‌ಪಿ ರೆಕಾರ್ಡುಗಳು, ಅಂದರೆ ಹಾಡಿನ ದೊಡ್ಡ ತಟ್ಟೆಗಳು, ಚೆನ್ನಾಗಿದ್ದವು. ಕವರುಗಳನ್ನು ಮಾತ್ರ ಮಳೆಗಾಲದ ಬೂಷ್ಟು ತಿಂದುಹಾಕಿತ್ತು. ನಾನೇ ಮಾಡೋಣ ಅಂತ ಕೂತರೆ ಕೈ ಓಡಲೇ ಇಲ್ಲ. ಬರೆದದ್ದೆಲ್ಲ ಎಲ್ಲೋ ನೋಡಿದ ಹಾಗೇ ಇತ್ತು.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನೆಂಟರ ಮನೆಗೆ ಹೋದಾಗ ಗೋಡೆಯಲ್ಲಿ ದೀವರ ಸಮುದಾಯದವರು ಬರೆಯುವ ಹಸೆ ಚಿತ್ತಾರ ಕಂಡಿತು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿನಾರಿನ ಕುಂಚದಲ್ಲಿ ಎಳೆದದ್ದು. ಎಲ್ಲವೂ ಚೌಕದೊಳಗೆ ಚೌಕ. ರೆಕಾರ್ಡಿನ ಕವರೂ ಚೌಕವೇ ಅಲ್ವಾ!

ಕಾಗದದ ಬದಲು ತೋಟದ ಅಡಿಕೆ ಹಾಳೆ ತಂದೆ. ನೀರಲ್ಲಿ ನೆನೆಸಿ, ಒರಳುಕಲ್ಲು ಹೇರಿ ಚಪ್ಪಟೆ ಮಾಡಿ, ಚೆನ್ನಾಗಿ ಒಣಗಿಸಿದೆ. ಎಲ್‌ಪಿ 12 ಇಂಚು, ಕವರ್‌ಗೆ ಸುಮಾರು ಹನ್ನೆರಡೂವರೆ ಬೇಕು. ಹಾಳೆಯ ಅಗಲ ಸಾಲಲಿಲ್ಲ. ಎರಡು ತುಂಡು ಸೇರಿಸಿ ಬಾಳೆನಾರಿನಲ್ಲಿ ಹೊಲಿದೆ. ಆ ಹೊಲಿಗೆಯನ್ನೇ ಚಿತ್ತಾರದ ನಡುಗೆರೆ ಮಾಡಿಕೊಂಡೆ. ನನಗೆ ಜಾಸ್ತಿ ಇಷ್ಟವಾದದ್ದು ಅದೇ ಗೆರೆ.

ಕವರಿನ ಒಳಮೈ ರೆಕಾರ್ಡನ್ನು ಗೀರಬಹುದು. ಅದಕ್ಕೆ ಒಳಗೆ ನುಣುಪು ಕಾಗದದ ಚೀಲ ಇಟ್ಟೆ. ಬಿಸಿಲಲ್ಲಿ ಒಣಗಿಸಿದ ಹಾಳೆ ಪೂರ್ತಿ ತಣ್ಣಗಾಗುವವರೆಗೆ ರೆಕಾರ್ಡು ಹಾಕಬೇಡಿ, ಬಿಸಿಗೆ ರೆಕಾರ್ಡಿನ ವಿನೈಲ್ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಈಗ ಏಳು ಕವರ್ ಆಗಿವೆ, ನೆಟ್ಟಗೆ ನಿಲ್ಲಿಸಿಟ್ಟಿದ್ದೇನೆ. ಎಂಟನೆಯದಕ್ಕೆ ಹಾಳೆ ನೆನೆಯುತ್ತಿದೆ.