ಗುಜರಿ ರಾಶಿಯಲ್ಲಿ ಸೀಸದ ಡಬ್ಬಿ ಸಿಕ್ಕರೆ ಏನು ಮಾಡಬೇಕು?

ವಿಕಿರಣ ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಕೈಗಾದ ಅಣು ವಿದ್ಯುತ್ ಸ್ಥಾವರ. ಅಲ್ಲಿ ಅಳೆಯುವ ಯಂತ್ರಗಳಿವೆ, ತರಬೇತಿ ಪಡೆದ ಜನರಿದ್ದಾರೆ. ಅಂಕೋಲಾ, ಕುಮಟಾದ ಗುಜರಿ ಅಂಗಡಿಯಲ್ಲಾಗಲಿ, ಬೈತಖೋಲದಲ್ಲಿ ಬೋಟ್ ರಿಪೇರಿ ಮಾಡುವ ಕಡೆಯಾಗಲಿ ಅದ್ಯಾವುದೂ ಇಲ್ಲ. ಅಲ್ಲಿ ಕಬ್ಬಿಣ ತೂಕದ ಮೇಲೆ ಬರುತ್ತದೆ. ಹೊರದೇಶದ ಲಾಟಿನ ಪೈಪು, ವಾಲ್ವುಗಳೂ ಅದರಲ್ಲಿ ಸೇರಿರಬಹುದು. ನಾಲ್ಕು ಕೈ ದಾಟಿ ಬಂದ ಮಾಲಿನ ಮೊದಲ ಒಡೆಯ ಯಾರೋ, ಯಾರಿಗೆ ಗೊತ್ತು?

ಕೊಳ್ಳುವ ಮೊದಲು ಕೇಳಿ. ಚೂರು ಮಾಡದ ಹಳೇ ಲೋಹ ಹೊರದೇಶದಿಂದ ಬರುವಾಗ ಸಾಮಾನ್ಯವಾಗಿ ರವಾನೆಗೆ ಮುಂಚೆಯೇ ತಪಾಸಣೆ ಆಗಿರಬೇಕು. ವಿಕಿರಣದ ಪರೀಕ್ಷೆಯೂ ಅದರಲ್ಲಿ ಸೇರಿದೆ. ದೊಡ್ಡ ಲಾಟ್ ಕೊಳ್ಳುವವರು ಆ ಪ್ರಮಾಣಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳಿ. ಚಿಕ್ಕ ಅಂಗಡಿಯವರು ಕನಿಷ್ಠ ಮಾಲು ಯಾರಿಂದ, ಯಾವತ್ತು ಬಂತು ಎಂದು ಬರೆದಿಡಿ.

ಇಳಿಸುವಾಗ ನೋಡಿ. ಇದೇ ಮುಖ್ಯ ಹಂತ. ಗಾತ್ರ ಚಿಕ್ಕದು, ತೂಕ ಮಾತ್ರ ವಿಪರೀತ ಎನ್ನುವ ಯಾವ ಡಬ್ಬಿಯನ್ನೂ ಅನುಮಾನಿಸಿ. ಒಳಗಿನ ವಿಕಿರಣ ತಡೆಯಲು ಸೀಸದ ದಪ್ಪ ಗೋಡೆ ಇರುತ್ತದೆ, ತೂಕ ಅದರದ್ದೇ. ಹಳದಿ ಮೇಲೆ ಮೂರು ರೆಕ್ಕೆಯ ಗುರುತು ಇದ್ದರೆ ಮುಟ್ಟಲೇಬೇಡಿ. 2007ರಲ್ಲಿ ಇನ್ನೊಂದು ಗುರುತೂ ಬಂತು: ಕೆಂಪು ತ್ರಿಕೋನದಲ್ಲಿ ತಲೆಬುರುಡೆ, ಓಡುತ್ತಿರುವ ಮನುಷ್ಯ. ಬಣ್ಣ ಕಿತ್ತು, ತುಕ್ಕು ಹಿಡಿದು ಗುರುತು ಅಳಿಸಿರಲೂಬಹುದು. ಕ್ಯಾನ್ಸರ್ ಚಿಕಿತ್ಸೆಯ ಹಳೇ ಕೋಬಾಲ್ಟ್ ಯಂತ್ರ, ವೆಲ್ಡಿಂಗ್ ಪರೀಕ್ಷಿಸುವ ರೇಡಿಯೋಗ್ರಫಿ ಕ್ಯಾಮೆರಾ, ಕಾರ್ಖಾನೆಯ ಟ್ಯಾಂಕಿನ ಮಟ್ಟ ಅಳೆಯುವ ಗೇಜು, ಕತ್ತಲಲ್ಲಿ ಹೊಳೆಯಲು ರೇಡಿಯಂ ಬಳಿದ ಹಳೇ ಡಯಲ್ಲು, ಇವೆಲ್ಲ ಅಪಾಯದ ಮಾಲು. ಸಾಮಾನ್ಯ ಎಕ್ಸ್‌ರೇ ಯಂತ್ರ ಹಾಗಲ್ಲ, ಕರೆಂಟ್ ಇಲ್ಲದಿದ್ದರೆ ಅದರಿಂದ ವಿಕಿರಣ ಬರುವುದಿಲ್ಲ.

ಒಡೆಯಬೇಡಿ, ಕತ್ತರಿಸಬೇಡಿ. ಸೀಸಕ್ಕೆ ಒಳ್ಳೇ ರೇಟ್ ಇದೆ, ಅದಕ್ಕೇ ಸುತ್ತಿಗೆ ಕೈಗೆ ಬರುತ್ತದೆ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಇದೇ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಸುಮ್ನೆ ಬಿದ್ದಿದ್ದ ಯಂತ್ರವೊಂದು ಹರಾಜಾಗಿ ಗುಜರಿಗೆ ಬಂತು. ಕತ್ತರಿಸಿದಾಗ ಒಳಗಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಹೊರಬಂತು. ಹೊಳೆಯುವ ಒಂದು ಚೂರನ್ನು ಒಬ್ಬರು ಪರ್ಸಿನಲ್ಲೇ ಇಟ್ಟುಕೊಂಡು ಓಡಾಡಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರರು ತೀರಿಕೊಂಡರು. ಒಂದು ಎಚ್ಚರಿಕೆಯ ಹಲಗೆ, ಒಂದು ಸರಿಯಾದ ದಾಖಲೆ ಇದ್ದಿದ್ದರೆ ಆ ಜೀವ ಉಳಿಯುತ್ತಿತ್ತು ಎಂದು ನೆನೆದರೆ ಸಂಕಟವಾಗುತ್ತದೆ.

ಕುಲುಮೆಗೆ ಹಾಕಿದರೆ ಸುಟ್ಟು ಹೋಗುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಬೆಂಕಿಗೆ ವಿಕಿರಣ ಸಾಯುವುದಿಲ್ಲ. ಕೋಬಾಲ್ಟ್ ಕರಗಿ ಉಕ್ಕಿನಲ್ಲೇ ಸೇರಿಕೊಳ್ಳುತ್ತದೆ, ಇನ್ನೊಂದು ವಿಕಿರಣ ವಸ್ತುವಾದ ಸೀಸಿಯಂ-137 ಕುಲುಮೆಯ ಹೊಗೆಯ ಧೂಳಿನ ಜೊತೆ ಹೋಗುತ್ತದೆ. 2008ರಲ್ಲಿ ಫ್ರಾನ್ಸ್‌ನಲ್ಲಿ ಲಿಫ್ಟ್ ಬಟನ್‌ಗಳಲ್ಲಿ ಕೋಬಾಲ್ಟ್-60 ಸಿಕ್ಕಿತು, ಅದರ ಉಕ್ಕು ಹೋದದ್ದು ಭಾರತದಿಂದ.

ದೂರ ಸರಿಯಿರಿ. ಅನುಮಾನ ಬಂದ ಕೂಡಲೇ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳಿಸಿ. ದೂರ ಎರಡು ಪಟ್ಟಾದರೆ ಮೈಗೆ ಬೀಳುವ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಡಬ್ಬಿಯನ್ನು ಬೇರೆಡೆ ಒಯ್ಯಬೇಡಿ, ಹೊಳೆಗೆ, ಸಮುದ್ರಕ್ಕೆ ಎಸೆಯುವುದಂತೂ ಬೇಡವೇ ಬೇಡ. ಮುಟ್ಟಿದ್ದರೆ ಸೋಪು ಹಚ್ಚಿ ಕೈ ತೊಳೆಯಿರಿ, ಅಲ್ಲಿಯತನಕ ಊಟ, ಎಲೆ ಅಡಿಕೆ, ಬೀಡಿ ಏನೂ ಬೇಡ. ತೊಟ್ಟ ಬಟ್ಟೆ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

112ಕ್ಕೆ ಫೋನ್ ಮಾಡಿ. "ವಿಕಿರಣದ ವಸ್ತು ಇರಬಹುದು" ಎಂದು ಬಿಡಿಸಿ ಹೇಳಿ, ಮೂರು ರೆಕ್ಕೆಯ ಗುರುತು ಕಂಡಿದ್ದರೆ ಅದನ್ನೂ ಹೇಳಿ. ಇಂಥ ವಸ್ತುಗಳ ಸುರಕ್ಷತೆ ನೋಡುವುದು ಮುಂಬೈನಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅವರ ಕಡೆಯವರು ಅಳೆದು ನೋಡುವತನಕ ಅಂಗಡಿ ಬಾಗಿಲು ಹಾಕಿಡಿ. ವ್ಯಾಪಾರ ನಿಂತರೂ ಪರವಾಗಿಲ್ಲ.

ಆಮೇಲೆ ಯಾರಿಗಾದರೂ ವಾಂತಿ ಶುರುವಾದರೆ, ಕೈ ಚರ್ಮ ಕೆಂಪಾಗಿ ಸುಟ್ಟಂತೆ ಕಂಡರೆ, ಕೂದಲು ಉದುರಿದರೆ ತಡ ಮಾಡಬೇಡಿ. ಊಟ ಹೆಚ್ಚುಕಡಿಮೆ ಆಗಿರಬೇಕು ಎಂದೇ ಡಾಕ್ಟರು ಮೊದಲು ಅಂದುಕೊಳ್ಳಬಹುದು. ಗುಜರಿ ಕೆಲಸ ಮಾಡುತ್ತೇನೆ, ಇಂಥ ದಿನ ಇಂಥ ಡಬ್ಬಿ ಮುಟ್ಟಿದ್ದೆ ಎಂದು ನೀವಾಗಿಯೇ ಹೇಳಿ.